ಗಾಳಿ ಸೀಳುವ ಸೈಕಲ್ಲಿಗೆ ಗೊಟ್ಟದ ಎಣ್ಣೆ

ಪೆಟ್ಟಿಗೆ ಬಂದದ್ದು ಮೈಸೂರಿನಿಂದ, ಜೀಪಿನಲ್ಲಿ. ಆಷಾಢದ ಗಾಳಿ ಗುಂಡ್ಲುಪೇಟೆಯ ಅಂಗಡಿ ಬೋರ್ಡುಗಳನ್ನೆಲ್ಲ ಪಟಪಟನೆ ಬಡಿಸುತ್ತಿದ್ದ ಮಧ್ಯಾಹ್ನ ಅದು. ಅಲ್ಲಿನ ಸೈಕಲ್ ಬಳಗದ ಕೋಚ್ ಯಾರಿಗೂ ಮುಟ್ಟಗೊಡದೆ ತಾವೇ ಎತ್ತಿ ತಂದು ನನ್ನ ಸೈಕಲ್ ಶಾಪಿನ ನಡುವೆ ಇಟ್ಟರು.

"ಜೋಡಿಸಿಕೊಡಿ. ಹುಡುಗಿ ಇದರಲ್ಲೇ ಪ್ರಾಕ್ಟೀಸ್ ಮಾಡಲಿ. ರಾಜ್ಯ ತಂಡಕ್ಕೆ ಆಯ್ಕೆಯಾದರೆ ಸೈಕಲ್ಲು ಅವಳ ಹತ್ತಿರವೇ ಇರುತ್ತೆ. ಆಗಲಿಲ್ಲವೋ, ಪಂದ್ಯ ಮುಗಿದ ಸಂಜೆಯೇ ಇದೇ ಪೆಟ್ಟಿಗೆಯಲ್ಲಿ ವಾಪಸ್. ನಮ್ಮ ಬಳಗದಲ್ಲಿ ಇದಕ್ಕೆ ಕಾಯ್ತಾ ಇರೋರು ಬೇರೆಯವರೂ ಇದ್ದಾರೆ. ಪೆಟ್ಟಿಗೆ ಮಾತ್ರ ಎಸೀಬೇಡಿ."

ಕೊನೆಯ ಮಾತು ನನಗೆ ರುಚಿಸಲಿಲ್ಲ. ಆದರೂ ಸೈಕಲ್ಲು ಹೊರತೆಗೆದ ಮೇಲೆ ರಟ್ಟಿನ ಪೆಟ್ಟಿಗೆಯನ್ನು ಮಡಿಸಿ ಅಟ್ಟದ ಮೇಲಿಟ್ಟೆ.

ಹುಡುಗಿ ಎಂದರೆ ಹರವೆಯವಳು, ನಮ್ಮ ತಾಲ್ಲೂಕಿನ ಕಾಡಿನಲ್ಲಿ ಫಾರೆಸ್ಟ್ ಗಾರ್ಡು. ಬೂಟು ಹಾಕಿಕೊಂಡು ದಿನವಿಡೀ ಕಾಡು ಸುತ್ತುವ ಕೆಲಸ, ರಜೆ ಸಿಕ್ಕಿದ ದಿನ ಸೈಕಲ್ಲು. ನಾನು ಅವಳನ್ನು ಗಾರ್ಡಮ್ಮ ಎಂದೇ ಕರೆಯುತ್ತಿದ್ದೆ. ಹಿಂದಿನ ವರ್ಷ ಒಂದು ಹಳೇ ಅಲ್ಯೂಮಿನಿಯಂ ಸೈಕಲ್ಲಿನಲ್ಲಿ ಓಡಿ, ಆಯ್ಕೆಯನ್ನು ಕೂದಲೆಳೆಯಲ್ಲಿ ಕಳೆದುಕೊಂಡಿದ್ದಳು. ಅದನ್ನು ನೋಡಿದ ಮೈಸೂರಿನ ಸೈಕಲ್ ಬಳಗದವರು ಈ ಸಲ ತಮ್ಮ ಏರೋ ಸೈಕಲ್ಲನ್ನೇ ಕೊಟ್ಟು ಕಳಿಸಿದ್ದರು. ಏರೋ ಎಂದರೆ ಗಾಳಿಯನ್ನು ಸೀಳಿಕೊಂಡು ಹೋಗಲೆಂದೇ ರೂಪಿಸಿದ್ದು.

ಎಷ್ಟೋ ಸೈಕಲ್ಲು ಬಿಚ್ಚಿ ಕಟ್ಟಿದ ಕೈ ನನ್ನದು. ಆದರೂ ಇದನ್ನು ಪೆಟ್ಟಿಗೆಯಿಂದ ಹೊರಗೆಳೆದಾಗ ಒಂದು ಸಲ ಸುತ್ತ ತಿರುಗಿ ನೋಡಿದೆ. ಗುಂಡಗಿರುವ ಕೊಳವೆ ಒಂದೂ ಇಲ್ಲ. ಎಲ್ಲ ಚಪ್ಪಟೆ, ಮುಂದೆ ದುಂಡು, ಹಿಂದೆ ಚೂಪು. ಸೀಟಿನ ಕಂಬ ಕೂಡ ಈಳಿಗೆಯ ಅಲಗಿನ ಹಾಗೆ. ಚಕ್ರದ ರಿಮ್ಮು ನಾಲ್ಕು ಬೆರಳು ಎತ್ತರ. ಪಕ್ಕದಿಂದ ನೋಡಿದರೆ ಭಾರೀ ಕುದುರೆ. ಎದುರು ನಿಂತು ನೋಡಿದರೆ ಸೈಕಲ್ಲೇ ಇಲ್ಲ, ಬರೀ ಒಂದು ಗೀಟು. ಒಂದು ತಂತಿಯೂ ಹೊರಗೆ ಕಾಣುವುದಿಲ್ಲ. ಗೇರು ಬದಲಿಸಲು ಗುಂಡಿ ಒತ್ತಿದರೆ ಸಾಕು, ಒಳಗಿನ ಪುಟ್ಟ ಮೋಟಾರು ಚೈನನ್ನು ಜರುಗಿಸುತ್ತದೆ.

ಅದು ಕಾರ್ಬನ್ನು. ಕಬ್ಬಿಣಕ್ಕೆ ಮಾಡಿದ ಹಾಗೆ "ಇನ್ನೊಂಚೂರು ಬಿಗಿಯಾಗಲಿ" ಎಂದು ಸ್ಪ್ಯಾನರ್ ತಿರುಗಿಸಿದರೆ ಟಪ್ಪೆಂದು ಸೀಳು ಬಿಡುತ್ತದೆ. ಒಂದೊಂದು ಬೋಲ್ಟಿಗೂ ಎಷ್ಟು ಬಿಗಿ ಎಂದು ಅದರ ಪಕ್ಕದಲ್ಲೇ ಬರೆದಿರುತ್ತಾರೆ. ಅಷ್ಟಾದ ಕೂಡಲೇ ಟಾರ್ಕ್ ವ್ರೆಂಚು 'ಕಟಕ್' ಎನ್ನುತ್ತದೆ, ಕೈ ತೆಗೆಯಬೇಕು. ಆ ಒಂದು ಸದ್ದಿಗಾಗಿ ಉಸಿರು ಬಿಗಿಹಿಡಿದು ಸಂಜೆಯವರೆಗೆ ಕುಳಿತೆ.

ಬ್ರೇಕಿನ ಮಾತು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಹಳೇ ಸೈಕಲ್ಲಿನಲ್ಲಿ ರಬ್ಬರು ಬಂದು ರಿಮ್ಮನ್ನು ಹಿಡಿಯುತ್ತದೆ. ಇದರಲ್ಲಿ ಹಾಗಲ್ಲ. ಚಕ್ರದ ನಡುವಿನ ಗುಂಬದ ಪಕ್ಕದಲ್ಲಿ ತೂತುತೂತಿನ ಒಂದು ತೆಳ್ಳನೆ ಉಕ್ಕಿನ ಬಿಲ್ಲೆ, ಅದೇ ಡಿಸ್ಕು. ಅದರ ಎರಡು ಬದಿಗೂ ಬೆರಳಿನ ಉಗುರಿನಷ್ಟು ಅಗಲದ ಪ್ಯಾಡುಗಳು. ಅವು ಬಿಲ್ಲೆಯನ್ನು ಕಚ್ಚಿದರೆ ಸೈಕಲ್ಲು ನಿಂತಿತು. ಕೂದಲಿನಷ್ಟು ಸಂದಿಯಲ್ಲಿ ಕೂತಿರುವುದರಿಂದ ಹೊಸದರಲ್ಲಿ ಆಗಾಗ ತಾಗಿ 'ಟಿಂಗ್ ಟಿಂಗ್' ಎನ್ನುತ್ತದೆ. ಅದು ದೋಷವಲ್ಲ. ಆದರೆ ಆ ಜಾಗಕ್ಕೆ ಎಣ್ಣೆ ಸೋಕಬಾರದು. ಎಣ್ಣೆ ಹೀರಿದ ಪ್ಯಾಡು ಹಿಡಿಯುವುದಿಲ್ಲ.

ಮೊದಲ ಸವಾರಿ ನನ್ನದೇ. ಊಟಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದೆ. ಪೆಡಲಿನ ಮೇಲೆ ಕಾಲಿಟ್ಟೆನೋ ಇಲ್ಲವೋ, ಮುಂದಕ್ಕೆ ಹಾರಿತು. ವೇಗ ಏರಿದ ಮೇಲೆ ಚಕ್ರದೊಳಗಿಂದ ಖಾಲಿ ಹಂಡೆಗೆ ಬಾಯಿಟ್ಟು ಊದಿದಂಥ ಸದ್ದು ಎದ್ದಿತು. ಪೆಡಲು ನಿಲ್ಲಿಸಿದರೆ ಹಿಂದಿನ ಚಕ್ರ ಜೀರುಂಡೆಯ ಹಾಗೆ ಕಿರ್ರೆನ್ನುತ್ತದೆ. ಆ ಕಿರ್ರಿಗೆ ಎರಡು ನಾಯಿಗಳು ಬೆನ್ನು ಹತ್ತಿದವು. ಹತ್ತಿದ್ದಷ್ಟೇ, ಅರ್ಧದಲ್ಲೇ ಕೈಬಿಟ್ಟವು. ಐವತ್ತು ದಾಟಿದ ನನ್ನನ್ನು ನಾಯಿಗಳು ಸೋತು ಬಿಟ್ಟದ್ದು ಅದೇ ಮೊದಲು.

ಎರಡನೆಯ ಸವಾರಿ ನಮ್ಮ ಹಲ್ಲಿನ ಡಾಕ್ಟರದು. ನನ್ನ ಗಿರಾಕಿ, ಸ್ವತಃ ಒಳ್ಳೇ ಡಿಸ್ಕ್ ಬ್ರೇಕಿನ ಸೈಕಲ್ಲು ಇಟ್ಟುಕೊಂಡಿದ್ದಾರೆ. ಬೇಗೂರಿನವರೆಗೆ ಹೋಗಿ ಬಂದು ಇಳಿದರು. ಒಂದು ಟೀ ಮುಗಿಸಿ ಹೇಳಿದರು: "ನನ್ನ ಸೈಕಲ್ಲನ್ನ ಮಾರಿಬಿಡೋಣ ಅನ್ನಿಸ್ತಿದೆ ಕಣ್ರೀ. ಎದುರುಗಾಳೀಲಿ ಯಾರೋ ಬೆನ್ನಿಗೆ ಕೈಕೊಟ್ಟು ತಳ್ಳಿದ ಹಾಗೆ ಆಗುತ್ತೆ. ಆದ್ರೆ ಒಂದು ಮಾತು, ಪಕ್ಕದ ಗಾಳಿ ಬಂದ್ರೆ ಇದು ನಮ್ಮ ಮಾತು ಕೇಳಲ್ಲ."

ಆ ಮಾತು ನಿಜ ಎಂದು ಗಾರ್ಡಮ್ಮ ಮೊದಲ ದಿನವೇ ಕಂಡುಕೊಂಡಳು. ಪಂದ್ಯದ ಹಾದಿ ಗುಂಡ್ಲುಪೇಟೆಯ ಹೊರಗಿನಿಂದ ಹೊರಟು ಚಾಮರಾಜನಗರದ ರಸ್ತೆಯಲ್ಲಿ ತೆರಕಣಾಂಬಿ ದಾಟಿ, ಒಂದು ಡ್ರಮ್ಮನ್ನು ಸುತ್ತಿ ವಾಪಸ್. ಒಬ್ಬೊಬ್ಬರನ್ನೇ ಬಿಡುತ್ತಾರೆ, ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆದ್ದರು. ಆ ರಸ್ತೆಯ ಪಕ್ಕದಲ್ಲಿ ಹುಣಸೆಮರದ ಸಾಲು. ಮರದ ಮರೆಯಲ್ಲಿ ಗಾಳಿಯಿಲ್ಲ, ಮರ ದಾಟಿದ ಕೂಡಲೇ ಸಂದಿಯಿಂದ ಒದ್ದ ಹಾಗೆ ನುಗ್ಗುತ್ತದೆ. ನಾಲ್ಕು ಬೆರಳಿನ ರಿಮ್ಮಿಗೆ ಆ ಗಾಳಿ ಬಡಿದದ್ದೇ ತಡ, ಸೈಕಲ್ಲು ಅವಳನ್ನು ಅರಿಶಿನದ ಹೊಲಕ್ಕೆ ಇಳಿಸಿತ್ತು. ಮೊಣಕಾಲಿನವರೆಗೆ ಕೆಮ್ಮಣ್ಣು ಮೆತ್ತಿಕೊಂಡು ಶಾಪಿಗೆ ಬಂದಳು.

"ಇದು ಸೈಕಲ್ಲಲ್ಲ ಕಣಣ್ಣ, ಗಾಳಿಪಟ. ನಂಗ ನಮ್ ಹಳೇದೇ ಸಾಕು."

"ಗಾಳಿಪಟ ಹಾರಿಸೋಳು ಗಟ್ಟಿಗಿತ್ತಿ ಆಗಿರ್ಬೇಕು ಕಣಮ್ಮಿ. ಹ್ಯಾಂಡಲ್ ಹೆಂಗ್ ಹಿಡ್ಕಂಡಿದ್ದೆ?"

"ಹೆಂಗ್ ಹಿಡೀತಾರ? ಗಟ್ಟಿಯಾಗೇ ಹಿಡ್ದಿದ್ದಿ. ಬೀಳಕ್ಕಿಲ್ವಾ ಇಲ್ದಿದ್ರ?"

"ತಲೆ ಮ್ಯಾಲ ನೀರಿನ ಬಿಂದ್ಗೆ ಹೊತ್ಕಂಡು ಕತ್ತು ಬಿಗೀ ಹಿಡ್ಕಂಡ್ರ ಏನಾಯ್ತದ?"

ಅವಳು ಯೋಚಿಸಿದಳು. "ತುಳುಕ್ತದ."

ಅಷ್ಟೇ ಪಾಠ. ಮಾರನೆಯ ದಿನದಿಂದ ಬೆರಳು ಸಡಿಲ ಬಿಟ್ಟು, ಎದೆ ಮುಂದಕ್ಕೆ ಬಾಗಿಸಿ, ಮರದ ಸಂದಿ ಬರುವ ಮೊದಲೇ ಮೈಯನ್ನು ಗಾಳಿಯ ಕಡೆಗೆ ಒಂದಿಷ್ಟು ವಾಲಿಸುವುದನ್ನು ಕಲಿತಳು. ಸೈಕಲ್ಲು ಕೊಸರಿದರೆ ಕೊಸರಲಿ ಎಂದು ಬಿಡುವುದು, ಅದೇ ದಾರಿಗೆ ಬರುತ್ತದೆ. ನಾನು ಸೀಟನ್ನು ಒಂದು ಎಳೆ ಮೇಲೆತ್ತಿದೆ, ಹ್ಯಾಂಡಲ್ಲನ್ನು ತಗ್ಗಿಸಿದೆ. ಒಂದು ಬೆಳಿಗ್ಗೆ ಸೂರ್ಯಕಾಂತಿ ಹೊಲದ ಬದಿಯಲ್ಲಿ ನಿಂತಿದ್ದವನ ಮುಂದೆ ಅವಳು ಹಾದುಹೋದಾಗ, ಹಂಡೆ ಊದಿದ ಸದ್ದು ಮೊದಲು ಬಂದು, ಅವಳು ಹೋಗಿ, ಸದ್ದು ಇನ್ನೂ ಅಲ್ಲೇ ಉಳಿಯಿತು. ಸೈಕಲ್ಲೂ ಅವಳೂ ಬೇರೆ ಬೇರೆ ಎಂದು ಅನ್ನಿಸಲಿಲ್ಲ. ಆವತ್ತು ಇಳಿದವಳೇ ಅದರ ಹ್ಯಾಂಡಲ್ಲು ನೇವರಿಸುತ್ತ, "ಇದ್ನ ವಾಪಸ್ ಕೊಡಕ್ ಆಗಕ್ಕಿಲ್ಲ ಕಣಣ್ಣ ನನ್ ಕೈಲಿ," ಎಂದಳು. ನಗುತ್ತಿರಲಿಲ್ಲ.

ಪಂದ್ಯ ಭಾನುವಾರ ಬೆಳಿಗ್ಗೆ. ಶನಿವಾರ ಎಲ್ಲ ಬೋಲ್ಟು ನೋಡಿ, ಬ್ಯಾಟರಿ ತುಂಬಿಸಿ ಕೊಟ್ಟೆ. ಹಿರಿಯರಿಗೆ ಕೈಮುಗಿದು ಬರುತ್ತೇನೆಂದು ಅವಳು ಸೈಕಲ್ಲನ್ನು ಹರವೆಯ ಮನೆಗೆ ತೆಗೆದುಕೊಂಡು ಹೋದಳು. ನಾನು ಶಾಪಿನಲ್ಲಿ ಒಂದು ಪಂಕ್ಚರ್ ಹಾಕುತ್ತಿದ್ದೆ. ಫೋನು ಬಂತು.

"ಅಣ್ಣ, ಬ್ರೇಕ್ ಇಲ್ಲ."

"ಇಲ್ಲ ಅಂದ್ರ?"

"ಇಲ್ಲ ಅಂದ್ರ ಇಲ್ಲ. ಕಾಲ್ ಬಿಸಿ ಮಾಡ್ಕಳನ ಅಂತ ಒಂದ್ ರೌಂಡ್ ಓಗಿದ್ದಿ. ಬಸ್ಟಾಪ್ ತಾವ ಟಮೋಟ ಆಟೋ ಅಡ್ಡ ಬಂತು. ಎರಡೂ ಹಿಡುದ್ರೂ ಕಿರುಚ್ತದೇ ಹೊರ್ತು ನಿಲ್ನಿಲ್ಲ. ಚರಂಡಿಗ್ ಇಳುಸ್ಬುಟ್ಟಿ."

"ನಿಂಗೇನಾರ ಆಯ್ತಾ?"

"ನಂಗೇನಾಗಿಲ್ಲ. ನೀನ್ ಬಾ."

ಚೀಲಕ್ಕೆ ಸಾಮಾನು ತುಂಬಿಕೊಂಡು ಸ್ಕೂಟರ್ ಹತ್ತಿದೆ. ಹರವೆ ತಲುಪಿ ಅವರ ಅಂಗಳದಲ್ಲಿ ಸೈಕಲ್ಲಿನ ಹತ್ತಿರ ಬಗ್ಗಿದ್ದೇ ತಡ, ವಾಸನೆ ಹೊಡೆಯಿತು. ಹರಳೆಣ್ಣೆ! ಹಿಂದಿನ ಬಿಲ್ಲೆ ಮಿರಮಿರ ಹೊಳೆಯುತ್ತಿತ್ತು. ಮುಂದಿನದಕ್ಕೂ ಜಿನುಗು.

ಜಗುಲಿಯ ಮೇಲೆ ಅವಳ ತಾತ ಕೂತಿದ್ದರು. ಎಂಬತ್ತರ ಆಸುಪಾಸು. ಒಂದು ಕಾಲದಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಸುತ್ತಿನ ಸಂತೆಗಳಿಗೆಲ್ಲ ಸರಕು ಹೊತ್ತವರು. ಗಾಡಿ ಹೋಗಿ ವರ್ಷಗಳಾಗಿದ್ದರೂ ಅದರ ಎಣ್ಣೆಯ ಬಿದಿರಿನ ಗೊಟ್ಟ ಮಾತ್ರ ಇನ್ನೂ ಗೋಡೆಯ ಗೂಟದಲ್ಲಿತ್ತು. ಆ ಮನೆಯಲ್ಲಿ ಗಾಡಿ ದೂರ ಹೊರಡುವ ಮುಂಚೆ ಹಿರಿಯರ ಕೈಯಿಂದ ಕೀಲಿಗೆ ಎಣ್ಣೆ ಬೀಳಬೇಕು. ಎಣ್ಣೆಯ ಬೆರಳನ್ನು ಕಣ್ಣಿಗೊತ್ತಿಕೊಂಡು ಎತ್ತಿನ ಬೆನ್ನು ತಟ್ಟಿದ ಮೇಲೆಯೇ ಹೊರಡುವುದು. ಮೊಮ್ಮಗಳು ಒಳಗೆ ಊಟಕ್ಕೆ ಕೂತಿದ್ದಾಗ ತಾತ ಅದನ್ನೇ ಮಾಡಿದ್ದರು.

"ಕೂಸು ಸೈಕಲ್ ತಳ್ಕ ಬತ್ತಿತ್ತಾ," ಎಂದರು ನನ್ನ ಮುಖ ನೋಡದೆ, "ಟಿಂಗ್ ಟಿಂಗ್ ಅಂತಿತ್ತು ಕಣ್ಲಾ. ಕೀಲು ಬಾಯಾರಿ ಕೂಗ್ತದ ಅಂದ್ಕಂಡಿ. ಮುಟ್ಟಿ ನೋಡ್ದಿ, ಒಣಗೋಗಿತ್ತು. ನಾಳೆ ದೂರ ಓಗೋದು, ಎಣ್ಣೆ ಬುಡ್ದೆ ಕಳ್ಸದಾ ಅಂತ ಬುಟ್ಟಿ."

"ಎಷ್ಟ್ ಬುಟ್ರಿ ತಾತ?"

"ಕುಡಿಯಷ್ಟೂ ಬುಟ್ಟಿ."

ಅವಳ ಅವ್ವ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಗಾರ್ಡಮ್ಮ ಹಳೇ ಬಟ್ಟೆ ತರಲು ಒಳಗೆ ಹೋದಳು. ತಾತನನ್ನು ಬೈದಿದ್ದರೆ ಅವರಿಗೂ ಹಗುರಾಗುತ್ತಿತ್ತೋ ಏನೋ.

ಕೆಲಸಕ್ಕೆ ಕೂತೆ. ಚಕ್ರ ಎರಡೂ ಬಿಚ್ಚಿದೆ. ಬಿಲ್ಲೆಗಳನ್ನು ಬಿಸಿನೀರು ಸೋಪಿನಲ್ಲಿ ತೊಳೆದು, ಮೆಡಿಕಲ್ ಸ್ಟೋರಿನಿಂದ ತರಿಸಿದ ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ, ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿದೆ. ಬಿಲ್ಲೆ ಉಕ್ಕು, ತೊಳೆದರೆ ಹೋಗುತ್ತದೆ. ಪ್ಯಾಡು ಹಾಗಲ್ಲ, ಎಣ್ಣೆ ಕುಡಿದಿರುತ್ತದೆ. ಅವುಗಳ ಮುಖವನ್ನು ಎಮರಿ ಕಾಗದದ ಮೇಲೆ ಉಜ್ಜಿ, ಒಳಗಿನ ಎಣ್ಣೆ ಹೊರಗೆ ಬರಲೆಂದು ಕಾಯಿಸಬೇಕಾಗಿತ್ತು.

"ಅಕ್ಕ, ಒಂದು ಹೆಂಚು ಕೊಡಿ."

"ದೋಸೆ ಹೆಂಚು ಒಂದೇ ಕಣಪ್ಪ ಇರದು!"

"ಅದ್ನೇ ಕೊಡವ್ವ," ಎಂದರು ತಾತ. "ನಾಳಿಕ್ ಮುದ್ದೆ ಉಣ್ಣನ."

ಹೆಂಚಿನ ಮೇಲೆ ಪ್ಯಾಡುಗಳು ಕೂತು ಹೊಗೆ ಬಿಟ್ಟವು. ಅಡುಗೆಮನೆಯೆಲ್ಲ ಹರಳೆಣ್ಣೆಯ ಘಾಟು. ಉಜ್ಜಿದೆ, ಕಾಯಿಸಿದೆ, ಮತ್ತೆ ಉಜ್ಜಿದೆ. ಜೋಡಿಸಿ ನೋಡಿದರೆ ಮುಂದಿನದು ಪರವಾಗಿಲ್ಲ ಎನ್ನುವಂತೆ ಹಿಡಿಯಿತು. ಹಿಂದಿನದು ಎಮ್ಮೆಯ ಹಾಗೆ ಕೂಗಿತು, ಹಿಡಿಯಲಿಲ್ಲ. ಹಾಗೇ ಹೋದರೆ ಹೊರಡುವ ಜಾಗದಲ್ಲಿ ಸೈಕಲ್ ತಪಾಸಣೆ ಮಾಡುವವರೇ ನಿಲ್ಲಿಸುತ್ತಾರೆ, ಎರಡೂ ಬ್ರೇಕು ಸರಿಯಿರಲೇಬೇಕು. ಮೈಸೂರಿಗೆ ಫೋನು ಮಾಡಿದೆ. ಕೋಚ್ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟರು. "ಇಲ್ಲಿ ಅಂಗಡಿ ಮುಚ್ಚೋ ಹೊತ್ತು. ಹಳೇ ಸೈಕಲ್ಲಲ್ಲೇ ಓಡಲಿ ಬಿಡಿ. ಪ್ರಾಣಕ್ಕಿಂತ ದೊಡ್ಡದಲ್ಲ." ಅದು ಸರಿಯಾದ ಮಾತೇ. ಆದರೆ ಹಳೇ ಸೈಕಲ್ಲಿನಲ್ಲಿ ಓಡಿದರೆ ಏನಾಗುತ್ತದೆ ಎಂದು ಹಿಂದಿನ ವರ್ಷವೇ ಎಲ್ಲರಿಗೂ ಗೊತ್ತಾಗಿತ್ತು.

ಆಗ ಹಲ್ಲಿನ ಡಾಕ್ಟರು ನೆನಪಾದರು. ಅವರ ಸೈಕಲ್ಲಿನದೂ ಇದೇ ಅಳತೆಯ ಪ್ಯಾಡು, ನಾನೇ ಹಾಕಿದ್ದೆ. ಭಾನುವಾರ ಅವರು ಗೆಳೆಯರೊಂದಿಗೆ ಊಟಿಗೆ ಸೈಕಲ್ಲಿನಲ್ಲಿ ಹೋಗುವವರಿದ್ದರು. ಹೇಗೆ ಕೇಳುವುದು? ಕೇಳಿದೆ.

"ನೀವು ಬಿಚ್ಚೋಕೆ ಬರಬೇಕಾಗಿಲ್ಲ," ಎಂದರು. "ಹಲ್ಲು ಕೀಳೋನಿಗೆ ಇದೇನು ಮಹಾ. ಕಿತ್ತುಕೊಂಡು ಬರ್ತೀನಿ." ಊಟಿಯ ಸುದ್ದಿಯನ್ನೇ ಎತ್ತಲಿಲ್ಲ.

ಬಿಸಿಲು ಹಳದಿಯಾಗುವ ಹೊತ್ತಿಗೆ ಅವರ ಸ್ಕೂಟರು ಅಂಗಳಕ್ಕೆ ಬಂತು. ಪ್ಯಾಡುಗಳು ಹತ್ತಿಯಲ್ಲಿ ಸುತ್ತಿ, ಔಷಧಿಯ ಡಬ್ಬಿಯಲ್ಲಿದ್ದವು. ತಾತ ಡಬ್ಬಿಯೊಳಗೆ ಇಣುಕಿದರು.

"ಇಷ್ಟೇಯಾ? ಇದಾ ನಿಲ್ಸದು?"

"ಇದೇ ತಾತ. ಇದಕ್ಕೆ ಮಾತ್ರ ಎಣ್ಣೆ ಹಾಕಬಾರದು," ಎಂದರು ಡಾಕ್ಟರು.

"ಆಕಕ್ಕಿಲ್ಲ ಕನ್ ಸ್ವಾಮಿ. ನಿಮ್ ಸೈಕಲ್ ಬಾಯಿಂದ ಹಲ್ ಕಿತ್ತು ನಮ್ದಕ್ಕ ಕಟ್ತಿದ್ದೀರಿ. ಇನ್ನೂ ಆಕ್ದ್ರ ನಾನ್ ಮನ್ಸನಾ?"

ಆವತ್ತು ಆ ಅಂಗಳದಲ್ಲಿ ಮೊದಲ ನಗು ಅದೇ.

ಹೊಸ ಜೋಡಿ ಕೂಡಿದ ಪ್ಯಾಡು ಮತ್ತು ಬಿಲ್ಲೆ ಒಂದಕ್ಕೊಂದು ಹೊಂದಿಕೊಳ್ಳಬೇಕು. ಅದಕ್ಕೆ ವೇಗವಾಗಿ ಬಂದು, ನಿಲ್ಲದಂತೆ ಮೆಲ್ಲನೆ ಬ್ರೇಕ್ ಹಿಡಿದು, ಬಿಟ್ಟು, ಮತ್ತೆ ವೇಗ. ಹೀಗೆ ಎಷ್ಟೋ ಸಲ. ಮನೆಯ ಮುಂದಿನ ಇಳಿಜಾರು ಅದಕ್ಕೆ ಚೆನ್ನಾಗಿತ್ತು. ಮೊದಲು ನಾನೇ ಇಳಿದೆ. ಅರಳಿಕಟ್ಟೆಯ ಹತ್ತಿರ ಹಿಡಿದೆ, ಒಂದಿಷ್ಟು ಮುಂದೆ ಹೋಗಿ ನಿಂತಿತು. ಆಮೇಲೆ ಅವಳು. ಇಳಿದಂತೆಲ್ಲ ನಿಲ್ಲುವ ಜಾಗ ಹಿಂದೆ ಹಿಂದೆ ಬಂತು. ಆದರೂ ಅವಳ ಬೆರಳುಗಳು ಬ್ರೇಕಿನ ಹಿಡಿಯನ್ನು ಮುಂಚೆಯೇ ಬಿಗಿಹಿಡಿಯುತ್ತಿದ್ದವು. ಬ್ರೇಕು ಸರಿಯಾಗಿತ್ತು. ಆಟೋ ಮುಂದೆ ಬಂದದ್ದನ್ನು ಮರೆಯುವುದು ಅವಳಿಂದ ಆಗಿರಲಿಲ್ಲ. ನಾಳೆ ಬೆನ್ನ ಹಿಂದೆ ಗಾಳಿ ಇಟ್ಟುಕೊಂಡು ಡ್ರಮ್ಮಿನ ಹತ್ತಿರ ಹೋಗುವಾಗ ಹೀಗೆ ಹೆದರಿದರೆ ಈ ಸೈಕಲ್ಲಾದರೂ ಹಳೇದಾದರೂ ಒಂದೇ.

"ಹಳೇದ್ರಲ್ಲೇ ಓಗು ಕಣಮ್ಮಿ," ಎಂದೆ. ಮನಸ್ಸಿಲ್ಲದ ಮನಸ್ಸಿನಿಂದಲೇ ಅಂದೆ.

ಅವಳು ಉತ್ತರ ಕೊಡುವ ಮುಂಚೆ ತಾತ ಜಗುಲಿಯಿಂದ ಇಳಿದರು. ಕೋಲೂರಿಕೊಂಡು ಅರಳಿಕಟ್ಟೆಯವರೆಗೆ ನಡೆದು, ರಸ್ತೆಯ ನಡುವೆ ನಿಂತರು.

"ಬಾ ಕೂಸೆ. ನನ್ ಮುಂದ ನಿಲ್ಸು."

"ತಾತ, ಪಕ್ಕುಕ್ಕೋಗು!"

"ಓಗಕ್ಕಿಲ್ಲ. ಕೆಡ್ಸಿದವ್ನು ನಾನು. ಸರ್ಯಾಗಿದ್ದದ ಇಲ್ವಾ ಅಂತ ನಾನೇ ನೋಡ್ಬೇಕು. ಬಾ."

ನಾನು ಓಡಿದೆ, ಡಾಕ್ಟರು ಓಡಿದರು. ತೋಳು ಹಿಡಿದು ಎಳೆದರೆ ಮುದುಕರು ಕೋಲು ಎತ್ತಿದರು. ಅಷ್ಟರಲ್ಲಿ ಮೇಲಿನಿಂದ ಹಂಡೆ ಊದಿದ ಸದ್ದು ಕೇಳಿತು. ಬಂದೇಬಿಟ್ಟಿದ್ದಳು. ತುಂಬ ದೂರದಲ್ಲೇ ಹಿಡಿದಳು, ಮೂರು ಮಾರು ಆಚೆ ನಿಂತಿತು.

"ಎತ್ಗೊಳ್ ಇನ್ನೂ ಹತ್ರ ನಿಂತವು ನನ್ ಮುಂದ," ಎಂದರು ತಾತ. "ಹೆದ್ರಿಕಂಡ್ ಬಂದೆ. ಇನ್ನೊಂದ್ಸಲ ಬಾ."

ಅವಳು ಮತ್ತೆ ಏರಿನ ಮೇಲಕ್ಕೆ ಹೋದಳು. ಈ ಸಲ ಅವಳ ಮುಖ ಬೇರೆಯಾಗಿತ್ತು. ನಾನು ಎಳೆಯುವುದನ್ನು ಬಿಟ್ಟೆ. ಯಾಕೆ ಬಿಟ್ಟೆನೆಂದು ಈಗಲೂ ಸರಿಯಾಗಿ ಹೇಳಲಾರೆ. ಅವಳ ಬೆರಳು ಬ್ರೇಕಿನ ಹಿಡಿಯ ಮೇಲೆ ಸಡಿಲವಾಗಿದ್ದದ್ದು ನನ್ನ ಕಣ್ಣಿಗೆ ಬಿತ್ತು, ಅಷ್ಟೇ. ಬಂದಳು. ಕೊನೆಯ ಹೊತ್ತಿನವರೆಗೆ ಬಿಟ್ಟು, ಮೈ ಹಿಂದಕ್ಕೆ ತಳ್ಳಿ, ಎರಡೂ ಹಿಡಿದಳು. ಸದ್ದಿಲ್ಲ, ಕೂಗಿಲ್ಲ. ಮುಂದಿನ ಚಕ್ರ ತಾತನ ಕೋಲಿಗೆ ಒಂದು ಗೇಣು ಈಚೆ ನಿಂತಿತು.

ತಾತ ಬಗ್ಗಿ ಚಕ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಎತ್ತಿನ ಬೆನ್ನು ತಟ್ಟುವ ಹಾಗೆ ಅವಳ ಬೆನ್ನು ತಟ್ಟಿದರು.

"ಇದ್ರಲ್ಲೇ ಓಯ್ತಿನಿ ಅಣ್ಣ," ಎಂದಳು ಅವಳು ನನಗೆ. "ಆಯ್ತು, ಓಗು," ಎಂದೆ. ಕೋಚ್‌ಗೆ ಫೋನು ಮಾಡಿ ಬ್ರೇಕಿನ ಹೊಣೆ ನನ್ನದು ಎಂದು ಹೇಳಿದೆ.

ಬೆಳಿಗ್ಗೆ ಗಾಳಿ ಪಡುವಣದಿಂದ ಜೋರಾಗಿತ್ತು. ಹೋಗುವಾಗ ಬೆನ್ನಿಗೆ, ಬರುವಾಗ ಮುಖಕ್ಕೆ. ಹೊರಡುವ ಮುಂಚಿನ ತಪಾಸಣೆಯಲ್ಲಿ ಎರಡೂ ಬ್ರೇಕು ಪಾಸಾದವು. ಬಿಡಿ ಚಕ್ರ ಹಿಡಿದು ನಾನು ಡ್ರಮ್ಮಿನ ಹತ್ತಿರ ನಿಂತೆ. ಬೆನ್ನ ಹಿಂದಿನ ಗಾಳಿಯಲ್ಲಿ ಎಲ್ಲರೂ ಗುಂಡು ಹೊಡೆದ ಹಾಗೆ ಬರುತ್ತಿದ್ದರು. ಒಬ್ಬಳು ತಡವಾಗಿ ಹಿಡಿದು ರಸ್ತೆಯಂಚಿನ ಮಣ್ಣಿಗೆ ಇಳಿದಳು. ಇನ್ನೊಬ್ಬಳು ಹೆದರಿ ಬಹಳ ಮುಂಚೆಯೇ ವೇಗ ಕಳೆದುಕೊಂಡಳು.

ಆಮೇಲೆ ಹಂಡೆಯ ಸದ್ದು. ಗಾರ್ಡಮ್ಮ ಹುಣಸೆಮರ ದಾಟಿದಳು, ಹಿಡಿಯಲಿಲ್ಲ. ಮೈಲಿಗಲ್ಲು ದಾಟಿದಳು, ಹಿಡಿಯಲಿಲ್ಲ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆಮೇಲೆ ಹಿಡಿದಳು. ಸೈಕಲ್ಲು ನೆಲಕ್ಕೆ ಅಂಟಿದ ಹಾಗೆ ತಗ್ಗಿತು. ಡ್ರಮ್ಮಿಗೆ ಒಂದು ಗೇಣು ಬಿಟ್ಟು ತಿರುಗಿ, ಗುಂಡಿ ಒತ್ತಿ ಗೇರು ಇಳಿಸಿ, ಎದ್ದು ನಿಂತು ತುಳಿದು, ಗಾಳಿಗೆ ಮುಖ ಕೊಟ್ಟು ಬಗ್ಗಿದಳು. ಹಿಂದಿನಿಂದ ನೋಡುತ್ತಿದ್ದವನಿಗೆ ಕಂಡದ್ದು ಒಂದು ಗೀಟು.

ವಾಪಸ್ ದಾರಿಯ ಕಥೆಯನ್ನು ಆಮೇಲೆ ಅವಳೇ ಹೇಳಿದಳು. "ಡ್ರಮ್ಮಿನ್ ಜಾಗ್ದಲ್ಲಿ ತಾತ ನಿಂತವ್ನ ಅಂದ್ಕಂಡಿ ಕಣಣ್ಣ, ಅದುಕ್ಕೇ ಸರ್ಯಾಗ್ ಹಿಡ್ದಿ. ಬರುವಾಗ ಮುಂದ ಓದವ್ರೆಲ್ಲ ಗಾಳೀಲಿ ಈಜ್ತಿದ್ರು. ಇದು ಈಜ್ನಿಲ್ಲ, ಕುಯ್ದ್ಬುಡ್ತು ಗಾಳಿಯ. ಕಾಲ್ ಉರೀತಿತ್ತು, ಆದ್ರ ತುಳ್ದಷ್ಟೂ ಕೊಡ್ತಿತ್ತು. ಒಂದ್ ಚೂರೂ ಮೋಸ ಮಾಡ್ನಿಲ್ಲ."

ನಾನು ಟೆಂಪೋ ಹಿಡಿದು ಗುಂಡ್ಲುಪೇಟೆ ತಲುಪುವ ಹೊತ್ತಿಗೆ ಹೆಸರು ಓದುತ್ತಿದ್ದರು. ಒಂದೊಂದಾಗಿ ಓದಿದರು. ಅವಳದು ಬರಲಿಲ್ಲ, ಬರಲಿಲ್ಲ. ಆಯ್ಕೆಯಾದವರಲ್ಲಿ ಕೊನೆಯ ಹೆಸರು ಅವಳದಾಗಿತ್ತು. ಡಾಕ್ಟರು ನನ್ನ ಬೆನ್ನಿಗೆ ಹೊಡೆದ ಏಟು ಎರಡು ದಿನ ನೋಯುತ್ತಿತ್ತು. ಕೋಚ್ ಅವಳ ಕೈ ಕುಲುಕಿ, ಸೈಕಲ್ಲನ್ನು ಒಂದು ಸಲ ಸುತ್ತಿ ನೋಡಿ, ಕಡೆಗೆ ಮೂಗು ಅರಳಿಸಿದರು. "ಇನ್ನೂ ಹರಳೆಣ್ಣೆ ವಾಸನೆ ಹೊಡೀತಿದೆಯಲ್ರೀ."

ಮುಂದಿನ ವಾರ ಡಾಕ್ಟರಿಗೆ ಹೊಸ ಪ್ಯಾಡು ಹಾಕಿಕೊಟ್ಟು, ಹರವೆಗೆ ಹೋದೆ. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಜೊತೆಗೆ ಒಯ್ದಿದ್ದೆ. ತಾತ ಜಗುಲಿಯ ಮೇಲಿದ್ದರು. ಗೂಟದಲ್ಲಿ ಗೊಟ್ಟ ಇರಲಿಲ್ಲ. ಎಲ್ಲಿ ಎಂದರೆ, ಅಟ್ಟಕ್ಕೆ ಎಸೆದೆ ಎಂದರು. ಸೈಕಲ್ಲು ಎದುರಿಗೇ ಇತ್ತು. ಮುಟ್ಟುವುದಿರಲಿ, ಅದರ ಪಕ್ಕದಲ್ಲಿ ಹಾದುಹೋಗುವಾಗಲೂ ಪಂಚೆ ಸೋಕದಂತೆ ಎತ್ತಿಕೊಳ್ಳುತ್ತಿದ್ದಾರೆಂದು ಗಾರ್ಡಮ್ಮ ಪಿಸುಗುಟ್ಟಿದಳು.

ನಾನು ಪೆಟ್ಟಿಗೆಯನ್ನು ಕತ್ತರಿಸಿ ಹಾಳೆ ಮಾಡಿ ನೆಲಕ್ಕೆ ಹಾಸಿದೆ, ಎಣ್ಣೆ ಚೆಲ್ಲಬಾರದಲ್ಲ. ಸೈಕಲ್ಲನ್ನು ಅದರ ಮೇಲೆ ನಿಲ್ಲಿಸಿ, ಚೈನಿಗೆ ಹಾಕುವ ಎಣ್ಣೆಯ ಪುಟ್ಟ ಬಾಟಲಿಯನ್ನು ತಾತನ ಕೈಗಿಟ್ಟೆ.

"ಬ್ಯಾಡ ಕಣ್ಲಾ, ನನ್ ಕೈ ಸರಿಯಿಲ್ಲ."

"ಚೈನು ತಾತ. ಇದು ಒಣಗ್ಬಾರ್ದು. ವಾರಕ್ಕೊಂದ್ಸಲ ಎಣ್ಣೆ ಬೇಕು. ನಿಮ್ ಮೊಮ್ಮಗ್ಳು ಕಾಡ್ ಸುತ್ಕಂಡ್ ಬಂದು ಇದ್ನೂ ಮಾಡಾಳಾ?"

"ಎಲ್ಲಿಗ್ ಬುಡ್ಬೇಕು?" ಎಂದರು, ಬಾಟಲಿಯನ್ನು ತಿರುಗಿಸಿ ನೋಡುತ್ತ.

"ಒಂದೊಂದ್ ಗೆಣ್ಣಿಗೂ ಒಂದೊಂದೇ ತೊಟ್ಟು. ಆಮೇಲ ಬಟ್ಟೇಲಿ ಹೆಚ್ಚಿಂದ ಒರ್ಸಬೇಕು."

ತಾತ ಹಾಸಿದ ಹಾಳೆಯ ಮೇಲೆ ಕುಕ್ಕರುಗಾಲಲ್ಲಿ ಕೂತರು. ಎಡಗೈಯನ್ನು ಬಿಲ್ಲೆಗೆ ಅಡ್ಡವಾಗಿ ಹಿಡಿದು, ಬಲಗೈಯಿಂದ ತೊಟ್ಟು ತೊಟ್ಟಾಗಿ ಬಿಟ್ಟರು. ಇಡೀ ಚೈನು ಹಾಗೇ ಮುಗಿಸಿದರು. ಒರೆಸಿದರು, ಬೆರಳನ್ನು ಕಣ್ಣಿಗೊತ್ತಿಕೊಂಡರು. ಪೆಡಲು ಹಿಡಿದು ಹಿಂದಕ್ಕೆ ತಿರುಗಿಸಿದರು. ಜೀರುಂಡೆ ಕಿರ್ರೆಂದಿತು. ತಲೆ ಓರೆ ಮಾಡಿ, ಕಿವಿ ಕೊಟ್ಟು ಕೇಳಿದರು.

"ಬಾಯಾರ್ಕೆ ಓಯ್ತು ನೋಡ್ಲಾ," ಎಂದರು.